ನಾಟಕದಿಂದ ಸಿನಿಮಾಗೆ ಹೊರಟಿದ್ದೇನೆ, ದಾಟಿದವರು ದಯವಿಟ್ಟು ಹೇಳಿ

ಕೇಳಿದವರು, ಬೆಂಗಳೂರು

ನನಗೆ 31 ವರ್ಷ. ಹೆಗ್ಗೋಡಿನ ನೀನಾಸಮ್ ರಂಗಶಾಲೆಯಲ್ಲಿ ಕಲಿತು, ಎರಡು ವರ್ಷ ಅವರದೇ ಸಂಚಾರಿ ನಾಟಕ ತಂಡ 'ತಿರುಗಾಟ'ದ ಜೊತೆ ಊರೂರು ಸುತ್ತಿದೆ. ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ, ಸಂಜೆ ನಮ್ಮ ತಂಡದ ತಾಲೀಮು. ಮೊನ್ನೆ ನಮ್ಮ ನಾಟಕ ನೋಡಿದ ನಿರ್ದೇಶಕರೊಬ್ಬರು ಸಿನಿಮಾಗೆ ಕರೆದಿದ್ದಾರೆ. ನಾಯಕನ ಅಮ್ಮನ ಪಾತ್ರ, 14 ದಿನದ ಕೆಲಸ. ನಾಯಕ ನನಗಿಂತ ಎರಡೇ ವರ್ಷಕ್ಕೆ ಚಿಕ್ಕವರು. ಫ್ಲ್ಯಾಶ್‌ಬ್ಯಾಕ್ ಜಾಸ್ತಿ ಇದೆ, ಅದಕ್ಕೇ ನೀವು ಅಂದರು. ಆಡಿಷನ್ ತೆಗೆದವರು "ನಾಟಕದವರು ಓವರ್ ಮಾಡ್ತಾರೆ, ಇಳಿಸ್ಕೊಳ್ಳಿ" ಅಂತಲೂ ಹೇಳಿದರು. ಏನು ಇಳಿಸಬೇಕು, ಹೇಗೆ? ದುಡ್ಡು ಹೇಗೆ ಕೇಳಬೇಕು? ಶಾಲೆ ಕೆಲಸ ಬಿಡಬೇಕಾ? ಆ 14 ದಿನದ ಮಧ್ಯದಲ್ಲಿ ನಮ್ಮದೇ ಎರಡು ಪ್ರದರ್ಶನ ಬೇರೆ ಇವೆ.

ಮೈಸೂರಿನಿಂದ, ರಂಗದಲ್ಲಿ 22 ವರ್ಷ, ಸಿನಿಮಾದಲ್ಲಿ 9

ಆ "ಓವರ್" ಅನ್ನೋ ಮಾತಿನಿಂದಲೇ ಶುರು ಮಾಡ್ತೀನಿ. ನನ್ನ ಮೊದಲ ಎರಡು ಸಿನಿಮಾ ಕೆಟ್ಟಿದ್ದು ಅದನ್ನು ನಂಬಿ. ಮೊದಲ ದಿನವೇ "ಮೇಡಂ, ಸ್ವಲ್ಪ ಕಮ್ಮಿ" ಅಂದರು. ಕಮ್ಮಿ ಮಾಡಿದೆ. ಮುಖ ಬಿಗಿಹಿಡಿದೆ, ಕೈ ಕಟ್ಟಿಕೊಂಡೆ, ದನಿ ತಗ್ಗಿಸಿದೆ. ಆಮೇಲೆ ತೆರೆ ಮೇಲೆ ನೋಡಿದರೆ ಆ ಹೆಂಗಸಿಗೆ ಏನೂ ಅನ್ನಿಸುತ್ತಲೇ ಇರಲಿಲ್ಲ. ಒಳಗಿದ್ದದ್ದನ್ನೂ ಸೇರಿಸಿ ಕಮ್ಮಿ ಮಾಡಿಬಿಟ್ಟಿದ್ದೆ.

ಮೂರನೇ ಸಿನಿಮಾದ ಛಾಯಾಗ್ರಾಹಕರು ದಾರಿ ತೋರಿಸಿದರು: ಪ್ರತಿ ಶಾಟ್‌ಗೆ ಮುಂಚೆ ಫ್ರೇಮ್ ಎಲ್ಲಿಂದ ಎಲ್ಲಿವರೆಗೆ ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ, ಅವರಿಗೆ ಖುಷಿಯೇ ಆಗುತ್ತೆ. ಸೊಂಟದಿಂದ ಮೇಲೆ ಅಂದರೆ ಕೈಗೆ ಕೆಲಸ ಉಂಟು. ಹಣೆಯಿಂದ ಗಲ್ಲದವರೆಗೆ ಅಂದರೆ ರೆಪ್ಪೆ ಬಡಿದರೂ ಅದೊಂದು ಚಲನೆ. ಇಡೀ ಅಂಗಳ ಕಾಣುತ್ತೆ ಅಂದರೆ ಕಲಾಕ್ಷೇತ್ರದ ಕೊನೇ ಸಾಲಿಗೆ ಆಡುವ ಹಾಗೆಯೇ ಆಡಿ. ಮೈಯನ್ನು ಪಳಗಿಸಿದವರ ನಡಿಗೆ ಅಂಥ ಕಡೆ ಎದ್ದು ಕಾಣುತ್ತೆ. ಭಾವದ ತೂಕ ಮೂರರಲ್ಲೂ ಒಂದೇ. ಅದು ಯಾವ ಬಾಗಿಲಿಂದ ಹೊರಗೆ ಬರಬೇಕು ಅನ್ನೋದಷ್ಟೇ ಬದಲಾಗೋದು.

ನನ್ನನ್ನು ನಿಜಕ್ಕೂ ಕಂಗೆಡಿಸಿದ್ದು ಸಿನಿಮಾದ ಕಾಲ. ನಾಟಕದಲ್ಲಿ ಮೂರನೇ ಬೆಲ್ ಆದ ಮೇಲೆ ಪಾತ್ರ ನಮ್ಮ ಕೈಯಲ್ಲಿ, ಕೊನೇ ನಮಸ್ಕಾರದವರೆಗೂ ಯಾರೂ ತಡೆಯೋದಿಲ್ಲ. ಇಲ್ಲಿ ಮನೆ ಬಾಡಿಗೆಗೆ ಸಿಕ್ಕ ದಿನ, ಬಿಸಿಲು, ದೊಡ್ಡ ನಟರ ಡೇಟು, ಇವು ಹೇಳಿದ ಕ್ರಮದಲ್ಲಿ ಪಾತ್ರ ಬದುಕಬೇಕು. ಮಗ ತೀರಿಹೋದ ಸೀನು ಬೆಳಿಗ್ಗೆ 7ಕ್ಕೆ ತೆಗೆದು, ಅವನಿಗೆ ತಲೆ ಬಾಚಿ ಸ್ಕೂಲಿಗೆ ಕಳಿಸೋ ಸೀನು ಅದೇ ಮಧ್ಯಾಹ್ನ ತೆಗೆದರು. ಬೆಳಿಗ್ಗೆ ಅತ್ತಾಗ ನನಗೆ ಆ ಹುಡುಗನ ಮುಖವೇ ಪರಿಚಯ ಇರಲಿಲ್ಲ. ಇನ್ನೊಂದು ಸಲ ಎದುರಿನ ನಟರು ಬಂದಿರಲಿಲ್ಲ, ಸಹಾಯಕ ನಿರ್ದೇಶಕಿ ಕ್ಯಾಮೆರಾ ಪಕ್ಕ ಕೂತು ಅವರ ಮಾತು ಓದಿದರು, ನಾನು ಸ್ಟ್ಯಾಂಡಿಗೆ ಅಂಟಿಸಿದ ಟೇಪಿನ ತುಂಡು ನೋಡಿಕೊಂಡು ಗಂಡನ ಹತ್ತಿರ ಜಗಳ ಆಡಿದೆ.

ಅದಕ್ಕೇ ಹೇಳೋದು, ಪೂರ್ತಿ ಸ್ಕ್ರಿಪ್ಟ್ ಕೇಳಿ. "ನಿಮ್ಮ ಸೀನ್ ಮಾತ್ರ ಕಳಿಸ್ತೀವಿ" ಅಂದರೆ ಒಪ್ಪಬೇಡಿ. ನಾಟಕದ ಹಾಗೆ ಅದನ್ನು ಬಾಯಿಪಾಠ ಮಾಡಿ, ಬೇರೆಯವರ ಮಾತನ್ನೂ. ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಸೀನುಗಳನ್ನು ಕಥೆಯ ಕ್ರಮದಲ್ಲಿ ಬರೆದು, ಪ್ರತಿಯೊಂದರ ಪಕ್ಕ "ಇದಕ್ಕೆ ಹತ್ತು ನಿಮಿಷ ಮುಂಚೆ ನಾನು ಏನು ಮಾಡ್ತಿದ್ದೆ" ಅಂತ ಒಂದು ಸಾಲು ಬರೆಯಿರಿ. ಚೊಂಬು ಯಾವ ಕೈಯಲ್ಲಿತ್ತು, ಸೆರಗು ಯಾವ ಹೆಗಲ ಮೇಲಿತ್ತು, ಅದೂ ಅಲ್ಲೇ ಇರಲಿ. ಪಾತ್ರಕ್ಕೆ ಹೆಸರಿದೆಯಾ ನೋಡಿ. ಇಲ್ಲದಿದ್ದರೆ ಕೇಳಿ. ಹೆಸರಿಲ್ಲದ ಹೆಂಗಸಿಗೆ ಹತ್ತು ನಿಮಿಷ ಮುಂಚಿನ ಬದುಕು ಕಟ್ಟೋದು ಬಹಳ ಕಷ್ಟ.

ಇನ್ನು ದನಿ. ನಮ್ಮಲ್ಲಿ ಬಹಳಷ್ಟು ಸಿನಿಮಾಗಳಿಗೆ ಮಾತು ಸೇರೋದು ಆಮೇಲೆ, ಡಬ್ಬಿಂಗ್ ಕೋಣೆಯಲ್ಲಿ. ನಿಮ್ಮ ಪಾತ್ರಕ್ಕೆ ನೀವೇ ದನಿ ಕೊಡ್ತೀರಿ ಅಂತ ಮೊದಲೇ ಬರೆಸಿಕೊಳ್ಳಿ. ಬಿ. ಜಯಶ್ರೀ ಅವರನ್ನು ನೆನಪಿಸಿಕೊಳ್ಳಿ. ಗುಬ್ಬಿ ವೀರಣ್ಣನವರ ಮೊಮ್ಮಗಳು, 'ಸ್ಪಂದನ' ತಂಡ ಕಟ್ಟಿದವರು, ಎಷ್ಟೋ ನಾಯಕಿಯರು ತೆರೆ ಮೇಲೆ ಅವರ ದನಿಯಲ್ಲಿ ಮಾತಾಡಿದ್ದಾರೆ. ರಂಗದ ಹೆಣ್ಣಿನ ಗಂಟಲಿಗೆ ಸಿನಿಮಾದಲ್ಲಿ ಅಷ್ಟು ಬೆಲೆ ಇರುವಾಗ ನಿಮ್ಮದನ್ನು ಯಾಕೆ ಬಿಟ್ಟುಕೊಡ್ತೀರಿ?

ಇಳಕಲ್ ಕಡೆಯಿಂದ, ಕಂಪನಿ ನಾಟಕದವರು

ನಾವು ಕಂಪನಿಯಾಗ ಬಣ್ಣ ಹಚ್ಚಿದವರು ತಂಗಿ, ಬನಶಂಕರಿ ಜಾತ್ರ್ಯಾಗ ರಾತ್ರಿ ಪೂರಾ ಶೋ ಮಾಡಿ ಬೆಳಕಾದ ಮ್ಯಾಲೆ ಮಲಗಾಕಿ ನಾನು. ಕನ್ನಡದ ಮೊದಲ ಮಾತಿನ ಸಿನಿಮಾ 1934ರಾಗ ಬಂತಲ್ಲ, 'ಸತಿ ಸುಲೋಚನ', ಅದರಾಗ ಆಡಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಎಲ್ಲಾ ನಾಟಕದವರ ಅಲ್ಲೇನ? ಹಂಗಿದ್ದಾಗ "ನಾಟಕದವರು" ಅಂತ ಯಾರರ ಮೂಗು ಮುರದ್ರ ನೀ ತಲಿ ತಗ್ಗಿಸಬ್ಯಾಡ.

ನಾ ಹೇಳೂದು ಬ್ಯಾರೆ ಮಾತು. ಒಂದು ನಮೂನಿ ಪಾತ್ರ ಮಾಡಿದಿ ಅಂದ್ರ ಮತ್ತ ಹತ್ತು ಅದ ನಮೂನಿ ಬರ್ತಾವ. ನನಗ ಬಾಯಿ ಜೋರಿನ ಅತ್ತಿ ಪಾತ್ರ ಬಿಟ್ಟು ಇನ್ನೊಂದು ಬರಲಿಲ್ಲ. ಉಮಾಶ್ರೀ ಅವರನ್ನ ನೋಡು. 'ಒಡಲಾಳ' ನಾಟಕದಾಗ ಸಾಕವ್ವನ ಪಾತ್ರ ಮಾಡಿದ ಹೆಣ್ಣುಮಗಳು, ಸಿನಿಮಾದಾಗ ವರ್ಷಗಟ್ಟಲೆ ನಗಸೂ ಪಾತ್ರದಾಗ ಕಟ್ಟಿ ಹಾಕಿಸಿಕೊಂಡ್ರು. 2008ರಾಗ 'ಗುಲಾಬಿ ಟಾಕೀಸು' ಬಂದ ಮ್ಯಾಲೆ ರಾಷ್ಟ್ರಪ್ರಶಸ್ತಿ ಬಂತು. ಸಾಕವ್ವನ್ನ ಕಂಡವರಿಗೆ ಅವರೊಳಗ ಏನೈತಿ ಅನ್ನೂದು ಎಂದೋ ಗೊತ್ತಿತ್ತು. ನೀನೂ ರಂಗದ ಮ್ಯಾಲೆ ಅಂಥಾದ್ದೊಂದು ಪಾತ್ರ ಯಾವಾಗ್ಲೂ ಜೀವಂತ ಇಟಗೊ. ಆ ಎರಡು ಶೋ ಬಿಡಬ್ಯಾಡ. ನಾ ಒಂದ್ಸಲ ಬಿಟ್ಟಿದ್ದೆ, ಶೂಟಿಂಗ್ ಮುಂದಕ್ಕ ಹೋತು, ಇತ್ಲಾಗ ನನ್ನ ಪಾತ್ರ ಬ್ಯಾರೆಯಾಕಿ ಮಾಡಿದ್ಲು. ಅದು ಇನ್ನೂ ಎದಿಯಾಗ ಚುಚ್ಚತೈತಿ.

ಸಹ ನಿರ್ದೇಶಕ, ಬೆಂಗಳೂರು

ದುಡ್ಡಿನ ವಿಷಯ ನಾನು ಹೇಳ್ತೀನಿ, ಕಾಲ್‌ಶೀಟ್, ಅಂದರೆ ಯಾರು ಯಾವತ್ತು ಶೂಟಿಂಗಿಗೆ ಬರಬೇಕು ಅನ್ನೋ ಪಟ್ಟಿ, ಹಾಕೋ ಕಡೆ ಇರೋದು ನಾನೇ. ನಾಟಕದಿಂದ ಬಂದವರು "ಎಷ್ಟಾದ್ರೂ ಕೊಡಿ ಸರ್" ಅಂತಾರೆ, ಆಮೇಲೆ ಬೇಜಾರು ಮಾಡ್ಕೊಳ್ತಾರೆ. ದಿನಕ್ಕೆ ಇಷ್ಟು ಅಂತ ನೀವೇ ಒಂದು ಅಂಕಿ ಹೇಳಿ. ಶೂಟಿಂಗ್ 14 ದಿನ ದಾಟಿದರೆ ಹೆಚ್ಚಿನ ದಿನಕ್ಕೂ ಅದೇ ಲೆಕ್ಕ ಅಂತ ಸೇರಿಸಿ. ಡಬ್ಬಿಂಗ್ ದಿನಗಳು ಇದರಲ್ಲಿ ಸೇರಿವೆಯಾ, ಬೇರೆಯಾ, ಅದನ್ನು ಕೇಳದವರೇ ಹೆಚ್ಚು. ಒಂದು ಭಾಗ ಮುಂಗಡ, ಒಂದು ಭಾಗ ಶೂಟಿಂಗ್ ಮುಗಿಯೋ ಮುಂಚೆ, ಉಳಿದದ್ದು ಡಬ್ಬಿಂಗ್ ಕೋಣೆಗೆ ಹೋಗುವ ಮೊದಲು. ರಿಲೀಸ್ ಆದ ಮೇಲೆ ಕೊಡ್ತೀವಿ ಅನ್ನೋ ಕಂತು ಇಟ್ಟುಕೊಳ್ಳಬೇಡಿ. ಬ್ಯಾಂಕಿನ ಮೂಲಕವೇ ತಗೊಳ್ಳಿ. ಸಾಮಾನ್ಯವಾಗಿ 10% ಟಿಡಿಎಸ್ (ಕೊಡುವಾಗಲೇ ಕಡಿತ ಮಾಡೋ ತೆರಿಗೆ) ಹಿಡೀತಾರೆ, ನಿಮ್ಮ ಆದಾಯ ತೆರಿಗೆ ಮಟ್ಟಕ್ಕೆ ಬರದಿದ್ದರೆ ರಿಟರ್ನ್ ಹಾಕಿದಾಗ ಅದು ವಾಪಸ್ ಬರುತ್ತೆ.

ಪ್ರದರ್ಶನದ ಎರಡು ದಿನಾಂಕ ಇವತ್ತೇ ಬರೆದು ಕಳಿಸಿ, ವಾಟ್ಸಾಪ್ ಆದರೂ ಸರಿ. ಮೊದಲೇ ಗೊತ್ತಿದ್ದರೆ ನಾವು ಹೊಂದಿಸ್ತೀವಿ. ಹಿಂದಿನ ರಾತ್ರಿ ಹೇಳಿದರೆ ಆಗಲ್ಲ. ಬಟ್ಟೆ ಬದಲಿಸೋ ಜಾಗ, ಶೌಚಾಲಯ, ರಾತ್ರಿ ಶೂಟಿಂಗ್ ಇದ್ದರೆ ಮನೆಗೆ ಗಾಡಿ, ಇವುಗಳನ್ನು ಕೇಳೋದಕ್ಕೆ ಹಿಂಜರಿಯಬೇಡಿ. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಸೆಟ್ಟಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಜನ ಇರ್ತೀವಿ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಮ್ಯಾನೇಜರ್‌ನ ನೇರವಾಗಿ ಕೇಳಿ. ಅವರು ಉತ್ತರ ಕೊಡೋ ರೀತಿಯಲ್ಲೇ ಆ ಸೆಟ್ ಎಂಥದ್ದು ಅಂತ ತಿಳಿಯುತ್ತೆ.

ಮಂಗಳೂರಿನಿಂದ

33ನೇ ವಯಸ್ಸಿಗೆ ಅಮ್ಮನ ಪಾತ್ರ ಒಪ್ಪಿಕೊಂಡೆ, ಇವತ್ತಿಗೂ ಅಮ್ಮನೇ. ನನ್ನ ವಾರಗೆಯ ಗಂಡಸರು ಈಗಲೂ ಪ್ರೇಮಿಗಳು. ಇದು ಅನ್ಯಾಯ ಅಂತ ಹೇಳಿಯೇ ಮುಂದಕ್ಕೆ ಹೋಗ್ತೇನೆ. ಆದರೆ ಬೆಂಗಳೂರಿನ ರಂಗಶಂಕರ ರಂಗಮಂದಿರ ಕಟ್ಟಿದ ಅರುಂಧತಿ ನಾಗ್ ಅವರಿಗೆ 'ಪಾ' ಸಿನಿಮಾಗೆ ರಾಷ್ಟ್ರಪ್ರಶಸ್ತಿ ಬಂದದ್ದು ನಾಯಕಿಯ ತಾಯಿಯ ಪಾತ್ರಕ್ಕೆ. ಹಾಗಾಗಿ ಅಮ್ಮ ಅಂತ ಕೇಳಿದ ಕೂಡಲೇ ಬೇಡ ಅನ್ನಬೇಡಿ. ಆ ಅಮ್ಮನಿಗೆ ಅಡುಗೆಮನೆ ಆಚೆ ಒಂದಾದರೂ ಸೀನ್ ಉಂಟಾ, ಮಗನ ವಿಷಯ ಬಿಟ್ಟು ಒಂದಾದರೂ ಮಾತು ಉಂಟಾ ನೋಡಿ. ಎರಡೂ ಇಲ್ಲದಿದ್ದರೆ ಬಿಡಿ.

ಶಾಲೆ ಕೆಲಸ ಮಾತ್ರ ಬಿಡಬೇಡಿ. ಭಾರ್ಗವಿ ನಾರಾಯಣ್ ಅವರು ಕಾರ್ಮಿಕರ ವಿಮಾ ಸಂಸ್ಥೆ ಇಎಸ್‌ಐನಲ್ಲಿ ನೌಕರಿ ಮಾಡಿಕೊಂಡೇ ನಾಟಕ, ಸಿನಿಮಾ ಎಲ್ಲ ಮಾಡಿದವರು. ತಿಂಗಳ ಸಂಬಳ ಇದ್ದರೆ ಕೆಟ್ಟ ಪಾತ್ರಕ್ಕೆ ಇಲ್ಲ ಅನ್ನೋ ಧೈರ್ಯ ಇರ್ತದೆ. ನನಗೆ ಅದು ಇರಲಿಲ್ಲ.

ಕೇಳಿದವರು

ಎಲ್ಲರಿಗೂ ನಮಸ್ಕಾರ. ಅಕ್ಕ, ನಿಮ್ಮ ಬನಶಂಕರಿ ಜಾತ್ರೆ ಮಾತು ಓದಿ ಕಣ್ಣು ತುಂಬಿ ಬಂತು. ಪ್ರದರ್ಶನದ ದಿನಾಂಕ ನಿನ್ನೆ ರಾತ್ರಿಯೇ ಕಳಿಸಿದೆ, ಆ ಎರಡು ದಿನ ನನ್ನ ಕೆಲಸ ಇಡೋದಿಲ್ಲ ಅಂತ ಒಪ್ಪಿಕೊಂಡರು. ಶಾಲೆಗೆ ಸಂಬಳವಿಲ್ಲದ ರಜೆ ಬರೆದುಕೊಟ್ಟೆ. ದಿನದ ಲೆಕ್ಕ ಹೇಳಿದೆ, ಇನ್ನೂ ಉತ್ತರ ಬಂದಿಲ್ಲ.

ಪೂರ್ತಿ ಸ್ಕ್ರಿಪ್ಟ್ ಕೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ ಕಳಿಸಿದರು, 112 ಪುಟ. ಎರಡು ಸಲ ಓದಿದೆ. ಅಡುಗೆಮನೆ ಆಚೆ ಮೂರು ಸೀನ್ ಇವೆ, ಅದರಲ್ಲೊಂದರಲ್ಲಿ ಅವಳು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತು ತನ್ನ ತವರಿನ ಬಗ್ಗೆ ಅಪರಿಚಿತಳ ಹತ್ತಿರ ಮಾತಾಡ್ತಾಳೆ. ಚೆನ್ನಾಗಿದೆ. ಹೆಸರು ಮಾತ್ರ ಎಲ್ಲೂ ಇಲ್ಲ, ಎಲ್ಲ ಕಡೆ "ಅಮ್ಮ". ನಾಳೆ ಬೆಳಿಗ್ಗೆ ನಿರ್ದೇಶಕರಿಗೆ ಫೋನ್ ಮಾಡಿ ಅವಳ ಹೆಸರೇನು ಅಂತ ಕೇಳ್ತೀನಿ.