ಕೆಎಎಸ್ ಪೂರ್ವಭಾವಿ ಪರೀಕ್ಷೆ: ಪ್ರಚಲಿತ ವಿದ್ಯಮಾನಗಳನ್ನು ಎಲ್ಲಿಂದ, ಎಷ್ಟು ಓದಬೇಕು?

ಕೊಪ್ಪಳದ ಓದುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದು, ಕನ್ನಡ ಮಾಧ್ಯಮದಲ್ಲಿ ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್) ಹುದ್ದೆಗಳ ಪರೀಕ್ಷೆಗೆ ಸಿದ್ಧತೆ ನಡೆಸಿದ್ದೇನೆ. ಇತಿಹಾಸ, ಭೂಗೋಳ, ಸಂವಿಧಾನಗಳ ಬಗ್ಗೆ ನನಗೆ ಅಷ್ಟಾಗಿ ಅಂಜಿಕೆಯಿಲ್ಲ. ಅವುಗಳಿಗೆ ಪುಸ್ತಕಗಳಿವೆ, ಎಲ್ಲಿಗೆ ಮುಗಿಯುತ್ತದೆ ಎಂಬುದೂ ತಿಳಿಯುತ್ತದೆ. ಪ್ರಚಲಿತ ವಿದ್ಯಮಾನಗಳ ಮಟ್ಟಿಗೆ ಮಾತ್ರ ಕೊನೆಯೆಂಬುದೇ ಕಾಣುತ್ತಿಲ್ಲ. ಬೆಳಿಗ್ಗೆ ಒಂದು ಗಂಟೆ ದಿನಪತ್ರಿಕೆ ಓದುತ್ತೇನೆ; ರಾತ್ರಿ ಟೆಲಿಗ್ರಾಂ ಗುಂಪುಗಳಲ್ಲಿ ಬರುವ ಪಿಡಿಎಫ್‌ಗಳನ್ನು ಇಳಿಸಿಕೊಳ್ಳುತ್ತೇನೆ. ತಿಂಗಳ ಕೊನೆಯಲ್ಲಿ ನೋಡಿದರೆ ಓದಿದ್ದಕ್ಕಿಂತ ಕೂಡಿಟ್ಟದ್ದೇ ಹೆಚ್ಚಾಗಿರುತ್ತದೆ.

ನನ್ನ ಪ್ರಶ್ನೆ ಇಷ್ಟೇ: ಶಾಲೆಯ ಕೆಲಸ ಮುಗಿಸಿ ದಿನಕ್ಕೆ ಸುಮಾರು ಎರಡು ಗಂಟೆಯಷ್ಟೇ ಈ ಭಾಗಕ್ಕೆ ಕೊಡಬಲ್ಲ ಅಭ್ಯರ್ಥಿಯು ಯಾವುದನ್ನು ಓದಬೇಕು, ಯಾವುದನ್ನು ಕೈಬಿಡಬೇಕು? ರಾಜ್ಯಕ್ಕೆ ಸಂಬಂಧಿಸಿದ ಪ್ರಶ್ನೆಗಳಿಗೆ ಪ್ರತ್ಯೇಕ ಸಿದ್ಧತೆ ಬೇಕೇ? ಹಿರಿಯರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಹಳೇಬೀಡು ರಸ್ತೆ

ಮೇಡಂ, ಮೊದಲು ಪಠ್ಯಕ್ರಮದ ಲೆಕ್ಕವನ್ನು ಕಣ್ಣೆದುರಿಗೆ ಇಟ್ಟುಕೊಳ್ಳಿ. ಪೂರ್ವಭಾವಿ ಪರೀಕ್ಷೆಯಲ್ಲಿ ತಲಾ 200 ಅಂಕಗಳ ಎರಡು ಪತ್ರಿಕೆಗಳಿದ್ದು, ಪ್ರತಿಯೊಂದರಲ್ಲೂ 2 ಅಂಕದ 100 ಪ್ರಶ್ನೆಗಳಿರುತ್ತವೆ. ಮೊದಲ ಪತ್ರಿಕೆಯ 40 ಪ್ರಶ್ನೆಗಳು ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಮಹತ್ವದ ಪ್ರಚಲಿತ ಘಟನೆಗಳಿಗೂ, ಎರಡನೆಯದರ 40 ಪ್ರಶ್ನೆಗಳು ರಾಜ್ಯದ ಪ್ರಚಲಿತ ಘಟನೆಗಳು ಹಾಗೂ ಸರ್ಕಾರದ ಪ್ರಮುಖ ಕಾರ್ಯಕ್ರಮಗಳಿಗೂ ಮೀಸಲು. ಅಂದರೆ 400ರಲ್ಲಿ 160 ಅಂಕ, ಅದರಲ್ಲಿ ಸರಿಯಾಗಿ ಅರ್ಧ ಕರ್ನಾಟಕದ್ದು. ಬಹುಪಾಲು ಅಭ್ಯರ್ಥಿಗಳು ದೆಹಲಿಯ ಸುದ್ದಿಗೆ ಮುಕ್ಕಾಲು ಸಮಯ ಕೊಟ್ಟು, ಬೆಂಗಳೂರಿನ ಸುದ್ದಿಯನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳುತ್ತಾರೆ. ಆದ್ದರಿಂದ ತಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಪ್ರತ್ಯೇಕ ಸಿದ್ಧತೆ ಬೇಕು, ಸಮಪಾಲಿನಲ್ಲಿಯೇ ಬೇಕು.

ಇನ್ನು ಓದುವ ರೀತಿ. ಪ್ರಚಲಿತ ವಿದ್ಯಮಾನವನ್ನು ಬೇರೆಯೇ ವಿಷಯವೆಂದು ಭಾವಿಸಿದ ಕೂಡಲೇ ಅದಕ್ಕೆ ಕೊನೆಯಿಲ್ಲದಂತಾಗುತ್ತದೆ. ತಾವು ಈಗಾಗಲೇ ಓದಿರುವ ಇತಿಹಾಸ, ಸಂವಿಧಾನ, ಪರಿಸರ, ಅರ್ಥಶಾಸ್ತ್ರಗಳ ಯಾವ ಅಧ್ಯಾಯಕ್ಕೆ ಈ ಸುದ್ದಿ ಸೇರುತ್ತದೆ ಎಂದು ಕೇಳಿಕೊಳ್ಳಿ. ಎಲ್ಲಿಯೂ ಸೇರದ ಸುದ್ದಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡಬಹುದು. ಪಕ್ಷಗಳ ಒಳಜಗಳ, ಹೇಳಿಕೆ, ಪ್ರತಿಹೇಳಿಕೆ, ಅಪರಾಧ ವರದಿಗಳೆಲ್ಲ ಹೀಗೆಯೇ ಜಾರಿಹೋಗುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸುದ್ದಿ ಇಷ್ಟೇ. ಆದರೆ ಟಿಪ್ಪಣಿಯಲ್ಲಿ ಬರಬೇಕಾದದ್ದು ಇದರ ಸುತ್ತಲಿನದು. ವಿಶ್ವ ಪರಂಪರೆ ಸಮಿತಿಯ 45ನೇ ಅಧಿವೇಶನ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆಯಿತು. ಅದರ ಹಿಂದಿನ ದಿನವಷ್ಟೇ ಶಾಂತಿನಿಕೇತನ 41ನೆಯದಾಗಿ ಸೇರಿದ್ದರಿಂದ ಹೊಯ್ಸಳ ದೇವಾಲಯಗಳು ಭಾರತದ 42ನೆಯ ತಾಣವಾದವು. ಕರ್ನಾಟಕದ ಮಟ್ಟಿಗೆ ಹಂಪಿ (1986), ಪಟ್ಟದಕಲ್ಲು (1987), ಪಶ್ಚಿಮ ಘಟ್ಟ (2012)ಗಳ ನಂತರ ಇದು ನಾಲ್ಕನೆಯದು. ಇವುಗಳಲ್ಲಿ ಪಶ್ಚಿಮ ಘಟ್ಟವೊಂದೇ ನೈಸರ್ಗಿಕ ತಾಣ, ಅದೂ ಹಲವು ರಾಜ್ಯಗಳಲ್ಲಿ ಹಬ್ಬಿರುವಂಥದ್ದು. ಅಲ್ಲಿಂದ ಇತಿಹಾಸಕ್ಕೆ ಬಂದರೆ, ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದ್ದು, ಸೋಮನಾಥಪುರದ್ದು ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದ್ದು. ಮುಂದೆ 2024ರಲ್ಲಿ ಅಸ್ಸಾಮಿನ ಮೊಯ್ದಂಗಳು (ಅಹೋಮ್ ಅರಸರ ಸಮಾಧಿ ದಿಬ್ಬಗಳು) 43ನೆಯದಾಗಿಯೂ 2025ರಲ್ಲಿ ಮರಾಠಾ ಸೇನಾ ಭೂದೃಶ್ಯಗಳು 44ನೆಯದಾಗಿಯೂ ಸೇರಿದಾಗ, ತಾವು ಹೊಸ ಪುಟ ತೆರೆಯಬೇಕಾಗಿಲ್ಲ, ಅದೇ ಪುಟದ ಅಂಚಿನಲ್ಲಿ ಒಂದೊಂದು ಸಾಲು ಸೇರಿಸಿದರೆ ಸಾಕು. ಈ ಒಂದು ಪುಟದಿಂದ ರಾಜ್ಯ, ರಾಷ್ಟ್ರ, ಇತಿಹಾಸ ಮೂರೂ ಭಾಗಗಳ ಪ್ರಶ್ನೆಗಳನ್ನು ಎದುರಿಸಬಹುದು.

ಟೆಲಿಗ್ರಾಂ ಪಿಡಿಎಫ್‌ಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಒಂದು ಮಾಸಿಕ ಸಂಗ್ರಹವನ್ನು ಇಟ್ಟುಕೊಂಡು ಉಳಿದ ಗುಂಪುಗಳಿಂದ ಹೊರಬನ್ನಿ.

ವಿಧಾನಸೌಧ ಮೆಟ್ರೋ

ಮೇಲಿನ ಉತ್ತರವನ್ನು ಒಪ್ಪುತ್ತಲೇ ರಾಜ್ಯದ 40 ಪ್ರಶ್ನೆಗಳ ಬಗ್ಗೆ ಇನ್ನಷ್ಟು ಹೇಳಬೇಕೆನಿಸುತ್ತದೆ, ಏಕೆಂದರೆ ಈ ಭಾಗಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಸಾಮಗ್ರಿಯೇ ಅತ್ಯಂತ ಬಡವಾಗಿದೆ.

ನನ್ನ ದೃಷ್ಟಿಯಲ್ಲಿ ಇಲ್ಲಿ ಮೂಲ ಆಕರಗಳು ಎರಡೇ: ಮುಖ್ಯಮಂತ್ರಿಯವರ ಆಯವ್ಯಯ ಭಾಷಣ ಮತ್ತು ಕರ್ನಾಟಕ ಆರ್ಥಿಕ ಸಮೀಕ್ಷೆ. ಎರಡೂ ಕನ್ನಡದಲ್ಲಿ ಉಚಿತವಾಗಿ ದೊರೆಯುತ್ತವೆ. 2025ರ ಮಾರ್ಚ್ 7ರಂದು ಮಂಡನೆಯಾದ 2025-26ರ ಆಯವ್ಯಯದ ಗಾತ್ರ ಸುಮಾರು 4.09 ಲಕ್ಷ ಕೋಟಿ ರೂಪಾಯಿ ಎಂಬುದನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ ಯಾವ ಯೋಜನೆ ಯಾವ ಇಲಾಖೆಯದು, ಫಲಾನುಭವಿ ಯಾರು, ಮೊತ್ತ ಎಷ್ಟು, ಅದು ಹಳೆಯ ಯೋಜನೆಯ ಮುಂದುವರಿಕೆಯೋ ಹೊಸದೋ ಎಂಬುದನ್ನು ಭಾಷಣದ ಪಠ್ಯದಿಂದಲೇ ಗುರುತಿಸಿಕೊಂಡವರು ಕಡಿಮೆ. ಭಾಷಣವನ್ನು ಇಡಿಯಾಗಿ ಒಮ್ಮೆ ಓದಿ, ಎರಡನೇ ಬಾರಿ ಇಲಾಖಾವಾರು ಗೆರೆ ಹಾಕಿಕೊಂಡು ಓದಿ. ಆರ್ಥಿಕ ಸಮೀಕ್ಷೆ ದೊಡ್ಡ ಗ್ರಂಥ; ಅದನ್ನು ಇಡಿಯಾಗಿ ಓದಲು ಹೋಗಬೇಡಿ. ಪ್ರತಿ ಅಧ್ಯಾಯದ ಆರಂಭದ ಸಾರಾಂಶ, ಕೃಷಿ, ಮಾನವ ಅಭಿವೃದ್ಧಿ, ಗ್ರಾಮೀಣಾಭಿವೃದ್ಧಿ ಭಾಗಗಳು ಮತ್ತು ಜಿಲ್ಲಾವಾರು ಕೋಷ್ಟಕಗಳು ಸಾಕು.

ಸಿದ್ಧ ಟಿಪ್ಪಣಿಗಳು ಹೇಗೆ ದಾರಿ ತಪ್ಪಿಸುತ್ತವೆ ಎಂಬುದಕ್ಕೆ ಅನ್ನಭಾಗ್ಯವನ್ನು ನೋಡಿ. 2023ರ ಜುಲೈನಲ್ಲಿ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಿಗೆ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ನೀಡಲು ಆರಂಭಿಸಲಾಯಿತು. 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡಲು ತೀರ್ಮಾನವಾಯಿತು. ಹಳೆಯ ಪಿಡಿಎಫ್ ಹಿಡಿದು ಕುಳಿತವರ ಪಾಲಿಗೆ ಈ ಯೋಜನೆ ಇಂದಿಗೂ 170 ರೂಪಾಯಿಯದೇ ಆಗಿರುತ್ತದೆ. ಗೃಹಲಕ್ಷ್ಮಿ, ಯುವನಿಧಿ, ಶಕ್ತಿ, ಗೃಹಜ್ಯೋತಿಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಯುವನಿಧಿಯಲ್ಲಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಎಂಬಂಥ ಷರತ್ತುಗಳಲ್ಲಿಯೇ ಪ್ರಶ್ನೆ ಅಡಗಿರುತ್ತದೆ. ಯೋಜನೆಯ ಹೆಸರಿನಲ್ಲಿ ಅಲ್ಲ.

ರಾಜ್ಯದ ಸುದ್ದಿಯನ್ನು ಸಂವಿಧಾನದೊಂದಿಗೆ ಜೋಡಿಸುವುದಕ್ಕೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ, 2024 ಒಳ್ಳೆಯ ನಿದರ್ಶನ. ಅದು 2025ರ ಮೇ 15ರಂದು ಜಾರಿಗೆ ಬಂದು, ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಇವುಗಳ ಮೇಲಿನ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯವರೇ ಅಧ್ಯಕ್ಷರು. ಇಲ್ಲಿಂದ ನಗರ ಸ್ಥಳೀಯ ಸಂಸ್ಥೆಗಳ ಕುರಿತ 74ನೇ ತಿದ್ದುಪಡಿ, ಭಾಗ 9ಎ, 18 ವಿಷಯಗಳ 12ನೇ ಅನುಸೂಚಿ, ಮಹಾನಗರ ಯೋಜನಾ ಸಮಿತಿಗೆ ಸಂಬಂಧಿಸಿದ 243ಜಡ್‌ಇ ವಿಧಿಯವರೆಗೆ ಹೋಗಬೇಕು. ಚುನಾಯಿತ ಪಾಲಿಕೆಗಳ ಮೇಲೆ ರಾಜ್ಯ ಸರ್ಕಾರದ ಹಿಡಿತ ಹೆಚ್ಚುತ್ತದೆಯೇ ಎಂಬ ಚರ್ಚೆ ಮುಂದೆ ಮುಖ್ಯ ಪರೀಕ್ಷೆಯ ಉತ್ತರಕ್ಕೂ ಒದಗುತ್ತದೆ. ತಾವು ಕೊಪ್ಪಳದವರಾದ್ದರಿಂದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡುವ 371ಜೆ ವಿಧಿಯನ್ನು ನಾನು ಹೇಳಬೇಕಾಗಿಲ್ಲ. ಆದರೂ 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಬಳಿಕ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಏಳಾಗಿವೆ ಎಂಬುದನ್ನು ಹಳೆಯ ಪುಸ್ತಕಗಳಲ್ಲಿ ತಿದ್ದಿಕೊಳ್ಳಿ.

ಶಿರಸಿ ಘಟ್ಟ

ನನ್ನ ಅಭಿಪ್ರಾಯ ತುಸು ಭಿನ್ನವಾಗಿದೆ. ಮೇಲಿನ ಇಬ್ಬರೂ ಓದುವುದರ ಬಗ್ಗೆ ಹೇಳಿದ್ದಾರೆ. ಎರಡು ಗಂಟೆಯಷ್ಟೇ ಇರುವವರು ಓದುವುದಕ್ಕೆ ಮೊದಲು ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ನೋಡಬೇಕು ಎಂಬುದು ನನ್ನ ವಾದ. ಪ್ರಚಲಿತ ಘಟನೆಗಳ ಹಳೆಯ ಪ್ರಶ್ನೆ ಮತ್ತೆ ಬರುವುದಿಲ್ಲ ಎಂದು ಹಲವರು ಅವುಗಳನ್ನು ಪಕ್ಕಕ್ಕಿಡುತ್ತಾರೆ. ಪ್ರಶ್ನೆ ಬರುವುದಿಲ್ಲ ನಿಜ, ಆದರೆ ಪ್ರಶ್ನೆ ಕೇಳುವ ರೀತಿ ಮರಳಿ ಬರುತ್ತದೆ. ಹೇಳಿಕೆಗಳನ್ನು ಕೊಟ್ಟು ಯಾವುವು ಸರಿ ಎನ್ನುವುದು, ಪಟ್ಟಿ ಹೊಂದಿಸುವುದು, ಸೂಚ್ಯಂಕವನ್ನು ಕೊಟ್ಟು ಪ್ರಕಟಿಸುವ ಸಂಸ್ಥೆ ಯಾವುದೆನ್ನುವುದು ಇತ್ಯಾದಿ. ಇದನ್ನು ಕಂಡುಕೊಂಡವರಿಗೆ ಪತ್ರಿಕೆಯನ್ನು ಓದುವಾಗಲೇ ಯಾವ ವಿವರದಲ್ಲಿ ಪ್ರಶ್ನೆಯಿದೆ ಎಂಬುದು ಹೊಳೆಯುತ್ತದೆ.

ರಾಮ್ಸರ್ ತಾಣಗಳನ್ನೇ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳು) ತೆಗೆದುಕೊಳ್ಳಿ. 2022ರಲ್ಲಿ ರಂಗನತಿಟ್ಟು ರಾಜ್ಯದ ಮೊದಲ ರಾಮ್ಸರ್ ತಾಣವಾಯಿತು. 2024ರ ಜನವರಿ ಕೊನೆಯಲ್ಲಿ ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆ ಸೇರಿ ನಾಲ್ಕಾದವು. ಸಂಖ್ಯೆಯನ್ನು ನೆನಪಿಟ್ಟು ಸುಮ್ಮನಾಗುವವರು ಜಿಲ್ಲೆ ಹೊಂದಿಸುವ ಪ್ರಶ್ನೆಯಲ್ಲಿ ಎಡವುತ್ತಾರೆ. ಮಾಗಡಿ ಎಂದೊಡನೆ ಬೆಂಗಳೂರಿನ ಪಕ್ಕದ ಮಾಗಡಿಯನ್ನು ನೆನೆಯುವುದು ಸಹಜ. ಈ ಕೆರೆ ಇರುವುದು ಗದಗ ಜಿಲ್ಲೆಯಲ್ಲಿ. ಅಂಕಸಮುದ್ರ ವಿಜಯನಗರ ಜಿಲ್ಲೆಯದು, ರಂಗನತಿಟ್ಟು ಮಂಡ್ಯದ್ದು, ಅಘನಾಶಿನಿ ನಮ್ಮ ಉತ್ತರ ಕನ್ನಡದ್ದು. ಅಂಕಿಅಂಶಗಳಲ್ಲಿಯೂ ಹಾಗೆಯೇ: 2022ರ ಹುಲಿ ಗಣತಿಯಲ್ಲಿ ಮಧ್ಯಪ್ರದೇಶ 785, ಕರ್ನಾಟಕ 563, ಉತ್ತರಾಖಂಡ 560 ಎಂಬ ಸಂಖ್ಯೆ ಮರೆತರೂ ಈ ಅನುಕ್ರಮ ಮರೆಯಬಾರದು.

ಕನ್ನಡ ಮಾಧ್ಯಮದವರಾದ್ದರಿಂದ ಇನ್ನೊಂದು ಮಾತು. 2024ರ ಆಗಸ್ಟ್ 27ರ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿದ್ದ ಲೋಪಗಳಿಂದಾಗಿ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆದದ್ದು ತಮಗೆ ತಿಳಿದೇ ಇದೆ. ಕನ್ನಡದವರು ಕನ್ನಡದಲ್ಲಿಯೇ ನಿಶ್ಚಿಂತೆಯಿಂದ ಉತ್ತರಿಸುವಂತಿರಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಪರೀಕ್ಷಾ ಕೊಠಡಿಯಲ್ಲಿ ಕುಳಿತಾಗ ವಾಕ್ಯ ಅರ್ಥವಾಗದಿದ್ದರೆ ಪಕ್ಕದ ಇಂಗ್ಲಿಷ್ ರೂಪವನ್ನು ನೋಡಲೇಬೇಕಾಗುತ್ತದೆ. ಅದಕ್ಕಾಗಿ ಸಂಸ್ಥೆ, ಒಪ್ಪಂದ ಮತ್ತು ಯೋಜನೆಗಳ ಹೆಸರುಗಳನ್ನು ಟಿಪ್ಪಣಿಯಲ್ಲಿ ಎರಡೂ ಭಾಷೆಗಳಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಪಿಐಬಿಯ (ಕೇಂದ್ರ ಸರ್ಕಾರದ ವಾರ್ತಾ ಶಾಖೆ) ಹಲವು ಪ್ರಕಟಣೆಗಳು ಎರಡೂ ಭಾಷೆಗಳಲ್ಲಿ ಬರುವುದರಿಂದ ಈ ಅಭ್ಯಾಸಕ್ಕೆ ಅನುಕೂಲ.

ಕೊಪ್ಪಳದ ಓದುಗಿ

ಮೂವರಿಗೂ ಅನಂತ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಪರೀಕ್ಷೆಗೆ ಎಷ್ಟು ತಿಂಗಳು ಹಿಂದಿನ ಘಟನೆಗಳವರೆಗೆ ಓದಬೇಕು? ಟಿಪ್ಪಣಿಯನ್ನು ದಿನಾಂಕದ ಪ್ರಕಾರ ಬರೆಯುತ್ತ ಬಂದಿದ್ದೇನೆ, ನಾಲ್ಕು ನೋಟ್‌ಬುಕ್ ತುಂಬಿವೆ. ಅವನ್ನು ಈಗ ಏನು ಮಾಡಲಿ?

ಹಳೇಬೀಡು ರಸ್ತೆ

ಪರೀಕ್ಷೆಯ ದಿನದಿಂದ ಹಿಂದಕ್ಕೆ ಒಂದು ವರ್ಷವನ್ನು ಗಟ್ಟಿಯಾಗಿ ಓದಿ, ಅದಕ್ಕಿಂತ ಹಿಂದಿನ ಆರು ತಿಂಗಳನ್ನು ಮೇಲುಮೇಲೆ ನೋಡಿದರೆ ಸಾಕೆಂಬುದು ನನ್ನ ಅಂದಾಜು. ಆದರೆ ನಮ್ಮಲ್ಲಿ ಪರೀಕ್ಷೆಯ ದಿನಾಂಕ ಮುಂದೆ ಹೋಗುವುದು ಅಪರೂಪವಲ್ಲ. ಹಾಗಾದಾಗ ಮೊದಲಿನ ತಿಂಗಳುಗಳನ್ನು ಎಸೆಯದೆ ಸಂಕ್ಷೇಪಿಸಿಕೊಳ್ಳಿ. ಕಾಯ್ದೆ, ತಿದ್ದುಪಡಿ, ಪಾರಂಪರಿಕ ತಾಣ, ಯೋಜನೆಗಳಿಗೆ ಕಾಲಮಿತಿ ಹಾಕಬೇಡಿ. ಕ್ರೀಡೆ, ಪ್ರಶಸ್ತಿ, ನೇಮಕಾತಿಗಳಿಗೆ ಮಾತ್ರ ಹಾಕಿ. ಅವುಗಳಿಗೆ ಹೆಚ್ಚು ಹೊತ್ತು ಕೊಡುವುದೂ ಬೇಡ.

ದಿನಾಂಕದ ಪ್ರಕಾರ ಬರೆದ ಟಿಪ್ಪಣಿಯ ತೊಂದರೆ ಏನೆಂದರೆ, ಮೇ ತಿಂಗಳಲ್ಲಿ ಜಾರಿಯಾದ ಕಾಯ್ದೆಯೂ ಸೆಪ್ಟೆಂಬರ್‌ನಲ್ಲಿ ಅದರಿಂದಾದ ಬದಲಾವಣೆಯೂ ಬೇರೆ ಬೇರೆ ನೋಟ್‌ಬುಕ್‌ಗಳಲ್ಲಿ ಕುಳಿತಿರುತ್ತವೆ. ಬಿಡಿಹಾಳೆಗಳ ಫೈಲೊಂದನ್ನು ಇಟ್ಟುಕೊಂಡು ವಿಷಯಕ್ಕೊಂದು ಹಾಳೆಯಂತೆ ಬರೆಯಿರಿ. ನಾಲ್ಕೂ ನೋಟ್‌ಬುಕ್‌ಗಳನ್ನು ಮತ್ತೆ ನಕಲು ಮಾಡಲು ಕೂರಬೇಡಿ. ವಾರಕ್ಕೊಮ್ಮೆ, ಭಾನುವಾರ ಅಂದುಕೊಳ್ಳಿ, ಒಂದು ನೋಟ್‌ಬುಕ್ ತೆರೆದು, ಮೇಲೆ ಹೇಳಿದಂತೆ ಯಾವುದಾದರೂ ಅಧ್ಯಾಯಕ್ಕೆ ಸೇರುವ ಸುದ್ದಿಯನ್ನಷ್ಟೇ ಹಾಳೆಗೆ ವರ್ಗಾಯಿಸಿ. ನಾಲ್ಕು ನೋಟ್‌ಬುಕ್‌ಗಳಲ್ಲಿ ಅರ್ಧದಷ್ಟೂ ಉಳಿಯುವುದಿಲ್ಲ. ಪರೀಕ್ಷೆಗೆ ಮುನ್ನ ಆ ಫೈಲನ್ನು ಮೂರು ಬಾರಿಯಾದರೂ ತಿರುವಿ ಹಾಕುವಷ್ಟು ಸಮಯ ಉಳಿಸಿಕೊಳ್ಳಿ. ಅದಕ್ಕಾಗಿ ಕೊನೆಯ ತಿಂಗಳಲ್ಲಿ ಹೊಸ ಸಾಮಗ್ರಿ ತರುವುದನ್ನು ನಿಲ್ಲಿಸಿ.

ಶಿರಸಿ ಘಟ್ಟ

ಒಂದು ಸೇರ್ಪಡೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ನಾಲ್ಕನೇ ಒಂದು ಭಾಗ ಕಡಿತವಾಗುತ್ತದೆ. ಪ್ರಚಲಿತ ಘಟನೆಗಳಲ್ಲಿ ಪೂರ್ತಿ ಗೊತ್ತಿರುವ ಪ್ರಶ್ನೆಗಳಿಗಿಂತ ಅರೆಬರೆ ಗೊತ್ತಿರುವವೇ ಹೆಚ್ಚು. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಬಲ್ಲಿರಾದರೆ ಉತ್ತರಿಸುವುದೇ ಲಾಭ. ಏನೂ ತಿಳಿಯದಿದ್ದರೆ ಬಿಡುವುದು ಲೇಸು. ಅಣಕು ಪರೀಕ್ಷೆಯಲ್ಲಿ ಊಹಿಸಿ ಬರೆದ ಪ್ರಶ್ನೆಗಳ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟು, ಅವುಗಳಲ್ಲಿ ಎಷ್ಟು ಸರಿಯಾದವು ಎಂದು ಪ್ರತ್ಯೇಕವಾಗಿ ಎಣಿಸಿ ನೋಡಿ. ಹಾಗೆಯೇ, ಎರಡನೇ ಪತ್ರಿಕೆಯಲ್ಲಿ ಎಸ್ಸೆಸ್ಸೆಲ್ಸಿ ಮಟ್ಟದ ಸಾಮಾನ್ಯ ಮಾನಸಿಕ ಸಾಮರ್ಥ್ಯದ 30 ಪ್ರಶ್ನೆಗಳಿವೆ. ಪ್ರೌಢಶಾಲೆಯಲ್ಲಿ ಪಾಠ ಮಾಡುವ ತಮಗೆ ಅವು ಕಷ್ಟವಾಗಲಾರವು. ಪ್ರಚಲಿತ ವಿದ್ಯಮಾನಗಳ ಗಾಬರಿಯಲ್ಲಿ ಆ 60 ಅಂಕಗಳ ಅಭ್ಯಾಸವನ್ನು ಮಾತ್ರ ಕೈಬಿಡಬೇಡಿ.