ಬಿಸಿ ಇದ್ದಾಗ ಕಾರು ಚಾಲೂ ಆಗವಲ್ದು, ಬ್ಯಾಟರಿ ಬದ್ಲಿ ಮಾಡ್ಸಬೇಕೇನ್ರಿ?

ವಿದ್ಯಾನಗರ, ಹುಬ್ಬಳ್ಳಿ:
ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್, ಇಂಜೆಕ್ಷನ್ ಇಂಜಿನ್. ಮುಂಜಾನೆ ಒಂದ ಸೆಲ್ಫಿಗೆ ಹಿಡೀತೈತಿ. ಧಾರವಾಡಕ್ಕ ಹೋಗಿ ಬಂದು ಬಂದ್ ಮಾಡಿದ್ರ ಮತ್ತ ಹಿಡಿಯೂದಿಲ್ಲ. ಸೆಲ್ಫ್ ಜೋರಾಗೇ ತಿರಗತೈತಿ. ಅರ್ಧಾ ತಾಸು ಬಿಟ್ರ ಚಾಲೂ. ಎಲ್ಲಾರೂ ಬ್ಯಾಟರಿ ಅಂತಾರ.

ಗೋಕುಲ ರೋಡ್:
ಸೆಲ್ಫ್ ಜೋರಾಗಿ ತಿರಗತೈತಿ ಅಂದ್ಮ್ಯಾಲೆ ಬ್ಯಾಟರಿಗೆ ರೊಕ್ಕಾ ಹಾಕಬ್ಯಾಡ್ರಿ. ಖಾತ್ರಿ ಬೇಕಂದ್ರ ಮಲ್ಟಿಮೀಟರ್ ಹಚ್ರಿ: ಗಾಡಿ ಬಂದ್ ಇದ್ದಾಗ 12.6 ವೋಲ್ಟ್ ಹತ್ರ ಇರಬೇಕು, ಸೆಲ್ಫ್ ಹೊಡಿಯುವಾಗ 9.6ಕ್ಕಿಂತ ಕೆಳಗ ಇಳೀಬಾರದು.

ಬಿಸಿಗೆ ಸತ್ತು ತಣ್ಣಗಾದ್ರ ಏಳೂದು ಅಂದ್ರ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್, ಅಂದ್ರ ಇಂಜಿನ್ ತಿರಗೂದನ್ನ ಗುರುತಿಸೂ ಸೆನ್ಸರ್. ಒಳಗಿನ ಸುರುಳಿ ತಂತಿ ಬಿಸಿಗೆ ಹಿಗ್ಗಿ ಕನೆಕ್ಷನ್ ಬಿಡತೈತಿ. ಸಿಗ್ನಲ್ ಇಲ್ಲಂದ್ರ ಇಂಜಿನ್ ತಿರಗೂದ ಇಸಿಯುಗೆ (ಇಂಜಿನ್ ನಡಸೂ ಕಂಪ್ಯೂಟರಿಗೆ) ಗೊತ್ತಾಗೂದಿಲ್ಲ, ಕಿಡೀನೂ ಕೊಡೂದಿಲ್ಲ, ಪೆಟ್ರೋಲೂ ಬಿಡೂದಿಲ್ಲ. ಹಿಡೀದ ಇದ್ದಾಗನ ಇಸಿಯು ಓದೂ ಸ್ಕ್ಯಾನರ್ ಹಚ್ಚಿ ಸೆಲ್ಫ್ ಹೊಡಕೋತ ಆರ್‌ಪಿಎಂ ನೋಡ್ರಿ. 200ರ ಆಸುಪಾಸು ಬರಬೇಕು. ಸೊನ್ನೆ ಅಂದ್ರ ಸೆನ್ಸರ್, ಇಲ್ಲಾ ಅದರ ವೈರಿಂಗ್. ಸ್ಕ್ಯಾನರಿನ್ಯಾಗ ಈ ಸೆನ್ಸರಿನ ದೋಷದ ಕೋಡ್ ಪಿ0335 ಬರಲಿಲ್ಲ ಅಂತ ಸೆನ್ಸರ್ ಚಲೋ ಐತಿ ಅನ್ಕೋಬ್ಯಾಡ್ರಿ, ಎಷ್ಟೋ ಸಲ ಕೋಡೇ ಕೂಡೂದಿಲ್ಲ. ಗಾಡಿ ತಣ್ಣಗಾದ ಮ್ಯಾಲೆ ಗ್ಯಾರೇಜಿಗೆ ಒಯ್ದ್ರ ಏನೂ ಸಿಗೂದಿಲ್ಲ, ಅದ ದೊಡ್ಡ ತ್ರಾಸು.

ಗದಗ:
ಆರ್‌ಪಿಎಂ ಸರಿಯಾಗಿ ಬಂದರೆ ಪೆಟ್ರೋಲ್ ಕಡೆ ನೋಡಿ. ಚಾವಿ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಪಂಪಿನ ಸದ್ದು ಎರಡು ಮೂರು ಸೆಕೆಂಡ್ ಕೇಳಬೇಕು. ಇಲ್ಲದಿದ್ದರೆ ಫ್ಯೂಸ್, ನಂತರ ರಿಲೇ (ಪಂಪಿಗೆ ಕರೆಂಟ್ ಕೊಡುವ ಸ್ವಿಚ್) ನೋಡಿ. ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲು ಬದಲು ಮಾಡಿ. ಸದ್ದು ಬಂದರೂ ಗೇಜ್ ಹಾಕಿ, ಹೆಚ್ಚಿನ ಗಾಡಿಗಳಲ್ಲಿ 3ರಿಂದ 4 ಬಾರ್ ಒತ್ತಡ. ಪೆಟ್ರೋಲ್ ವಾಸನೆ ಬಂದು ಪ್ಲಗ್ ಒದ್ದೆಯಾಗಿದ್ದರೆ ಇಂಜೆಕ್ಟರ್ ಸೋರುತ್ತಿರಬಹುದು. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ, ಬಹುತೇಕ ಇಸಿಯುಗಳು ಇಂಜೆಕ್ಷನ್ ನಿಲ್ಲಿಸುತ್ತವೆ, ಒಳಗಿನ ಹೆಚ್ಚಿನ ಪೆಟ್ರೋಲ್ ಹೊರಹೋಗುತ್ತದೆ.

ವಿದ್ಯಾನಗರ, ಹುಬ್ಬಳ್ಳಿ:
ಬಿಸಿ ಇದ್ದಾಗ ನೋಡಿದೆ, ಆರ್‌ಪಿಎಂ ಸೊನ್ನೆ. ಸೆನ್ಸರಿನ ಕಪ್ಲರಿಗೆ (ವೈರ್ ಕೂಡೂ ಪ್ಲಗ್‌ಗೆ) ಎಣ್ಣಿ ಹತ್ತೈತಿ. ಎರಡು ವೈರಿಂದು.

ಗೋಕುಲ ರೋಡ್:
ಮೊದಲ ಕಪ್ಲರಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡದು ಸ್ವಚ್ಛ ಮಾಡ್ರಿ, ಪಿನ್ ಬಾಗಿದ್ರ ನೆಟ್ಟಗ ಮಾಡ್ರಿ. ಎರಡು ವೈರಿಂದಾದ್ರ ಓಮ್ ಅಳೀಬಹುದು: ತಣ್ಣಗ ಒಮ್ಮೆ, ಕೆಟ್ಟು ನಿಂತಾಗ ಒಮ್ಮೆ. ಬಿಸಿಗೆ ಓಪನ್ (ತಂತಿ ಕಡದಂಗ) ತೋರಿಸಿದ್ರ ಸೆನ್ಸರ್ ಹೋತು. ಮೀಟರ್ ಇಲ್ಲೇನು? ಸೆನ್ಸರ್ ಮ್ಯಾಲೆ ತಣ್ಣೀರಿನ ಅರಿವಿ ಇಟ್ಟು ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೀರಿ, ಹಿಡಿದ್ರ ಸೆನ್ಸರಿಂದನ ದೋಷ; ಸೈಲೆನ್ಸರ್ ಪೈಪಿಗೆ ಕೈ ತಾಗಬಾರದು ನೋಡ್ರಿ. ಹೊಸಾದು ಹಾಕುವಾಗ ಹಳೇ ಓ-ರಿಂಗ್ (ಎಣ್ಣಿ ತಡಿಯೂ ರಬ್ಬರ್ ರಿಂಗ್) ಮತ್ತ ಕೂಡಿಸಬ್ಯಾಡ್ರಿ, ಎಣ್ಣಿ ಬಹುಶಃ ಅಲ್ಲಿಂದನ ಬರಾಕತ್ತೈತಿ.