ಪದಚರ್ಚೆ: ‘ರಾಯಲ್ಟಿ ಫ್ರೀ ಆರ್ಕೆಸ್ಟ್ರಾ ಸಂಗೀತ’ – ಬೋರ್ಡಿಗೆ ಏನು ಬರೆಸಲಿ?

ಮಡಿಕೇರಿಯಿಂದ:

ಗೆಳೆಯರೇ, ತುರ್ತಾಗಿ ಒಂದು ಪದ ಬೇಕು. ನಾಳೆ ಮಧ್ಯಾಹ್ನದೊಳಗೆ ಬೋರ್ಡ್ ಬರೆಯುವವರ ಕೈಗೆ ಕೊಡಬೇಕು.

ನಾವು ನಾಲ್ಕೈದು ಜನ ಸೇರಿ ಊರಿನ ಹುಡುಗ ಹುಡುಗಿಯರಿಗೆ ಒಂದು ದಿನದ ತರಗತಿ ಇಟ್ಟುಕೊಂಡಿದ್ದೇವೆ. ವಿಡಿಯೋಗೆ, ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಎಲ್ಲಿಂದ ತರೋದು ಅನ್ನೋದೇ ವಿಷಯ. ಇಲ್ಲಿ ಮನೆಗೊಬ್ಬರು ವಿಡಿಯೋ ಮಾಡುತ್ತಾರೆ. ಹುತ್ತರಿ, ಹೋಂಸ್ಟೇ, ಅಬ್ಬಿ ಜಲಪಾತ, ಎಲ್ಲಕ್ಕೂ ಸಿನಿಮಾ ಹಾಡು ಹಾಕಿ ಸಿಕ್ಕಿಬೀಳುತ್ತಾರೆ. ನನಗೂ ಆಗಿದೆ. ಹೂಮಳೆ ಬಿದ್ದ ಒಂಬತ್ತನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಕಾಫಿ ತೋಟ ಪೂರ್ತಿ ಹೂಬಿಟ್ಟು ಬೆಳ್ಳಗೆ. ಮಂಜು ಇಳಿಯೋ ಮೊದಲೇ ಆರು ನಿಮಿಷದ ಚಿತ್ರ ತೆಗೆದೆ. ‘ಫ್ರೀ’ ಅಂತ ಬರೆದಿದ್ದ ಒಂದು ಜಾಗದಿಂದ ಪಿಟೀಲು, ಚೆಲ್ಲೊ ಇರುವ ಒಂದು ತುಣುಕು ಇಳಿಸಿ ಹಾಕಿದೆ. ಮೂರನೇ ದಿನಕ್ಕೆ, ಸಂಗೀತದ ಹಕ್ಕು ಬೇರೆಯವರದು ಅಂತ ವಿಡಿಯೋ ಮೂಕವಾಗಿತ್ತು. ಸಂಗೀತದ ಜೊತೆ ಜೇನ್ನೊಣದ ಸದ್ದೂ ಹೋಯಿತು. ಅದು ನನಗೆ ತುಂಬಾ ಬೇಜಾರಾಯಿತು.

ಈಗ ಪದದ ವಿಷಯ. ಬಳಸಿದಾಗಲೆಲ್ಲ ಮಾಡಿದವರಿಗೆ ಮತ್ತೆ ಮತ್ತೆ ದುಡ್ಡು (ರಾಯಲ್ಟಿ) ಕೊಡಬೇಕಿಲ್ಲದ ಸಂಗೀತಕ್ಕೆ ‘ರಾಯಲ್ಟಿ ಫ್ರೀ’ ಅಂತಾರೆ, ಅದಕ್ಕೆ ಕನ್ನಡ ಬೇಕು. ‘ಉಚಿತ ಆರ್ಕೆಸ್ಟ್ರಾ ಸಂಗೀತ ತರಗತಿ’ ಅಂತ ಬರೆದುಕೊಟ್ಟಿದ್ದೆ. ಬೋರ್ಡ್ ಬರೆಯುವವರು ಬ್ರಷ್ ಕೆಳಗಿಟ್ಟು, “ಯಾವ ಟ್ರೂಪ್ ಸಾರ್? ಗಣಪತಿ ಕೂರಿಸ್ತಿದ್ದೀರಾ?” ಅಂತ ಕೇಳಿದರು. ಅವರ ತಪ್ಪಲ್ಲ. ನಮ್ಮಲ್ಲಿ ಆರ್ಕೆಸ್ಟ್ರಾ ಅಂದರೆ ಪೆಂಡಾಲು, ಕೀಬೋರ್ಡು, ಸಿನಿಮಾ ಹಾಡು. ಎರಡು ಪದಕ್ಕೂ ಏನಾದರೂ ಹೇಳಿ.

ಸೋಮವಾರಪೇಟೆಯಿಂದ:

‘ರಾಜಧನಮುಕ್ತ ವಾದ್ಯವೃಂದ ಸಂಗೀತ’. ಸರ್ಕಾರ ಬಳಸುವ ಪದವೇ ಇದೆ. ಇದರಲ್ಲಿ ಚರ್ಚೆ ಏನಿದೆ?

ಕುಶಾಲನಗರದಿಂದ:

ಚರ್ಚೆ ಇದೆ. ರಾಜಧನ ಅಂದ ಕೂಡಲೇ ಕಣ್ಣಿಗೆ ಬರೋದು ಮರಳು ಲಾರಿ, ಜಲ್ಲಿ ಕ್ರಷರ್. ನೆಲದಡಿಯ ಸೊತ್ತಿಗೆ ಸರ್ಕಾರಕ್ಕೆ ಕಟ್ಟೋದು ಅದು. ಇಲ್ಲಿ ದುಡ್ಡು ಹೋಗೋದು ಸಂಗೀತ ಕಟ್ಟಿದವರಿಗೆ. ರಾಜನೂ ಇಲ್ಲ, ಧನ ಅವನದೂ ಅಲ್ಲ. ‘ಗೌರವಧನರಹಿತ’ ಅಂತ ಇನ್ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಅದು ಕಲಾವಿದರಿಗೆ ಬಿಡಿಗಾಸೂ ಕೊಟ್ಟಿಲ್ಲ ಅನ್ನೋ ಅರ್ಥ ಕೊಡುತ್ತೆ. ಅದೂ ಬೇಡ.

‘ಮುಕ್ತ’ದಲ್ಲೂ ತೊಡಕಿದೆ. ‘ಮುಕ್ತ ವಿಶ್ವವಿದ್ಯಾಲಯ’ದಲ್ಲಿ ಅದು ತೆರೆದದ್ದು. ‘ವ್ಯಸನಮುಕ್ತ’ದಲ್ಲಿ ಬಿಡುಗಡೆಯಾದದ್ದು. ‘ಹಕ್ಕುಮುಕ್ತ ಸಂಗೀತ’ ಅಂದರೆ ಹಕ್ಕೇ ಇಲ್ಲದ್ದು ಅಂತಾಗುತ್ತೆ. ರಾಯಲ್ಟಿ ಫ್ರೀಯಲ್ಲಿ ಹಕ್ಕು ಮಾಡಿದವರ ಹತ್ತಿರವೇ ಇರುತ್ತಲ್ವಾ?

ವಿರಾಜಪೇಟೆಯಿಂದ:

ನಲವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು. ಆರ್ಕೆಸ್ಟ್ರಾಕ್ಕೆ ಪದ ಹುಡುಕೋಕೆ ಸಂಸ್ಕೃತದ ಮನೆಗೂ ಹೋಗಬೇಕಿಲ್ಲ, ಇಂಗ್ಲಿಷಿನ ಮನೆಗೂ ಹೋಗಬೇಕಿಲ್ಲ. ಓಲಗ ಇದೆ.

ಹಳಗನ್ನಡದಲ್ಲಿ ಓಲಗ ಅಂದರೆ ರಾಜನ ಸಭೆ, ಸೇವೆ. ತುಂಬಿದ ಸಭೆ ಒಡ್ಡೋಲಗ. ಯಕ್ಷಗಾನದಲ್ಲಿ ಇವತ್ತಿಗೂ ಆ ಪದ ಜೀವಂತ. ಆಮೇಲೆ ಸಭೆಯಲ್ಲಿ, ದೇವರ ಮುಂದೆ ಊದುವ ವಾದ್ಯಕ್ಕೂ ಓಲಗ ಅಂತಲೇ ಹೆಸರು ಬಂತು. ನಮ್ಮ ಕೊಡಗಿನ ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಅಜ್ಜಂದಿರೂ ಕೈ ಎತ್ತಿ ಕುಣಿಯುತ್ತಾರೆ. ಅದೇ ಪದ. ಹಲವು ಜನ ಕೂಡಿ ಹಲವು ವಾದ್ಯ ನುಡಿಸಿದರೆ ‘ಕೂಡೋಲಗ’. ಕೂಡು, ಓಲಗ. ಬಾಯಿಗೂ ಹಗುರ. ‘ವೃಂದ’ ಬೇಡವೇ ಬೇಡ.

ಸೋಮವಾರಪೇಟೆಯಿಂದ:

ಮೇಷ್ಟ್ರೇ, ‘ಕೂಡೋಲಗ’ ಅಂತ ಬೋರ್ಡ್ ಹಾಕಿದರೆ ಜನ ಮದುವೆ ಅಂತ ಊಟಕ್ಕೆ ಬರುತ್ತಾರೆ. ಆಕಾಶವಾಣಿ 1952ರಲ್ಲೇ ದೆಹಲಿಯಲ್ಲಿ ವಾದ್ಯವೃಂದ ಕಟ್ಟಿ ರವಿಶಂಕರ್ ಅವರ ಕೈಗೆ ಕೊಟ್ಟಿತು. ಆ ಹೆಸರು ರೇಡಿಯೋದಲ್ಲಿ ಕೇಳಿ ಕೇಳಿ ನಮ್ಮದಾಗಿದೆ. ಚಾಲ್ತಿಯಲ್ಲಿರೋದನ್ನು ಕೆಡವಬೇಡಿ.

ಗೋಣಿಕೊಪ್ಪದಿಂದ:

ನಾನು ವಿಡಿಯೋ ಎಡಿಟಿಂಗ್ ಮಾಡಿ ಬದುಕುವವಳು. ಪದ ಹುಡುಕುವ ಮೊದಲು ವಸ್ತು ಏನು ಅಂತ ನೋಡೋಣ. ಇಲ್ಲಿ ಮೂರು ಬೇರೆ ಬೇರೆ ಸಂಗತಿಗೆ ಎಲ್ಲರೂ ‘ಫ್ರೀ’ ಅಂತಾರೆ.

ಒಂದು, ರಾಯಲ್ಟಿ ಫ್ರೀ. ಒಂದು ಸಲ ದುಡ್ಡು ಕೊಟ್ಟು ಪರವಾನಗಿ ತಗೊಂಡರೆ, ಸಾವಿರ ಜನ ನೋಡಲಿ, ಲಕ್ಷ ಜನ ನೋಡಲಿ, ಮತ್ತೆ ಮತ್ತೆ ಕೊಡಬೇಕಿಲ್ಲ. ಕೆಲವು ಕಡೆ ಆ ಒಂದು ಸಲದ್ದೂ ಇಲ್ಲ. ಆದರೆ ಹಕ್ಕು ಅವರದೇ, ಷರತ್ತೂ ಅವರದೇ.

ಇನ್ನೊಂದು, ಕಾಲ ಮುಗಿದು ಹಕ್ಕು ಬಿಟ್ಟುಹೋದದ್ದು. ನಮ್ಮ ಕಾಪಿರೈಟ್ ಕಾಯಿದೆ 1957ರದು. ಸಂಗೀತ ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತೆ. ಬೀಥೋವನ್ ತೀರಿಕೊಂಡಿದ್ದು 1827ರಲ್ಲಿ, ಚೈಕೋವ್‌ಸ್ಕಿ 1893ರಲ್ಲಿ. ಅವರ ರಚನೆ ಎಲ್ಲರದು. ಎಲ್ಲರೂ ಎಡವೋದು ಇದರ ನಂತರ. ರಚನೆ ಬೇರೆ, ರೆಕಾರ್ಡಿಂಗ್ ಬೇರೆ. ಹೋದ ವರ್ಷ ಯಾವುದೋ ತಂಡ ಬೀಥೋವನ್ ನುಡಿಸಿ ಹೊರತಂದಿದ್ದರೆ ಆ ರೆಕಾರ್ಡಿಂಗಿಗೆ ಹೊಸದಾಗಿ 60 ವರ್ಷ. “ಇನ್ನೂರು ವರ್ಷ ಹಳೇದು ಅಲ್ವಾ ಮೇಡಂ” ಅಂತ ನನ್ನ ಹತ್ತಿರ ಬಂದವರು ಎಷ್ಟೋ ಜನ. ಈ ತೊಂದರೆ ನೋಡಿಯೇ ಮ್ಯೂಸೋಪೆನ್ ಅನ್ನುವ ಸಂಸ್ಥೆ 2010ರಲ್ಲಿ ಜನರಿಂದ ದುಡ್ಡು ಸೇರಿಸಿತು. ಹಳೆಯ ಸಿಂಫನಿಗಳನ್ನು ಹೊಸದಾಗಿ ನುಡಿಸಿ, ಹಕ್ಕು ಬಿಟ್ಟುಕೊಡೋದು ಅವರ ಉದ್ದೇಶ. ಹುಡುಕುವವರು ಅಲ್ಲಿಂದ ಶುರು ಮಾಡಬಹುದು. ಆದರೆ ಪ್ರತಿ ರೆಕಾರ್ಡಿಂಗಿನ ಕೆಳಗೆ ಯಾವ ಪರವಾನಗಿ ಅಂತ ಓದಿಕೊಳ್ಳಿ, ಎಲ್ಲಕ್ಕೂ ಒಂದೇ ಇರಲ್ಲ.

ಮೂರನೇದು ಕ್ರಿಯೇಟಿವ್ ಕಾಮನ್ಸ್, ಅಂದರೆ ಮಾಡಿದವರೇ ಷರತ್ತು ಹೇಳಿ ಎಲ್ಲರಿಗೂ ಬಳಸೋಕೆ ಬಿಡುವ ಪರವಾನಗಿ. ‘ಬೈ’ ಅಂತಿದ್ದರೆ ಮಾಡಿದವರ ಹೆಸರು ಹಾಕಬೇಕು. ‘ಎನ್‌ಸಿ’ ಅಂತಿದ್ದರೆ ಹೋಂಸ್ಟೇ ಜಾಹೀರಾತಿಗೆ ಮುಟ್ಟಬೇಡಿ. ‘ಎನ್‌ಡಿ’ ಇದ್ದರೆ ವಿಡಿಯೋಗೇ ಬರಲ್ಲ, ಯಾಕಂದರೆ ಚಿತ್ರಕ್ಕೆ ಸಂಗೀತ ಹೊಂದಿಸಿದರೆ ಅದನ್ನು ಬದಲಾಯಿಸಿದ ಹಾಗೆ ಅಂತ ಪರವಾನಗಿಯಲ್ಲೇ ಬರೆದಿದೆ. ಇದನ್ನು ಯಾರೂ ಓದಲ್ಲ.

ಏನೇ ಇಳಿಸಿಕೊಂಡರೂ ಪರವಾನಗಿ ಪುಟವನ್ನು ಆ ದಿನದ ತಾರೀಕಿನ ಜೊತೆ ಉಳಿಸಿಕೊಳ್ಳಿ. ವಿಡಿಯೋ ಹಾಕುವ ತಾಣದ ಯಂತ್ರ ನಿಮ್ಮ ಸಂಗೀತವನ್ನು ತಪ್ಪಾಗಿ ಹಿಡಿದರೆ ತೋರಿಸೋಕೆ ನಿಮ್ಮ ಕೈಯಲ್ಲಿ ಇರೋದು ಅದೊಂದೇ.

ಹಾಗಾಗಿ ‘ಉಚಿತ’ ತಪ್ಪು. ‘ಹಕ್ಕುಮುಕ್ತ’ ಎರಡನೇದಕ್ಕೆ ಸರಿ, ಮೊದಲನೇದಕ್ಕೆ ತಪ್ಪು. ವೃಂದವೋ ಓಲಗವೋ ಅಂತ ಜಗಳ ಆಡುವವರಿಗೆ ಒಂದು ಮಾತು. ಈ ಸಂಗೀತದಲ್ಲಿ ಎಷ್ಟೋ ಪಾಲು ಒಬ್ಬರೇ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಪಿಟೀಲಿನ ತುಣುಕು ಜೋಡಿಸಿ ಮಾಡಿದ್ದು.

ಸಿದ್ದಾಪುರದಿಂದ:

ಗೋಣಿಕೊಪ್ಪದ ಮೇಡಂ ಹೇಳಿದ್ದು ಕೇಳಿ ನನಗೆ ತಟ್ಟನೆ ಹೊಳೆಯಿತು. ಕೊಡಗಿನ ಕಾಫಿ ಬೆಳೆಗಾರರಿಗೆ ಇದು ಹೊಸದಲ್ಲ. ನಮ್ಮಲ್ಲಿ ರಿಡೀಮ್ಡ್ ಜಾಗ, ಅನ್‌ರಿಡೀಮ್ಡ್ ಜಾಗ ಅಂತ ಇದೆ. ಮರದ ಬೆಲೆ ಸರ್ಕಾರಕ್ಕೆ ಒಂದು ಸಲ ಕಟ್ಟಿದ್ದರೆ ರಿಡೀಮ್ಡ್. ಇಲ್ಲದಿದ್ದರೆ ತೋಟ ನಮ್ಮದು, ಮರ ಸರ್ಕಾರದ್ದು. ‘ರಿಡೀಮ್ಡ್ ಸಂಗೀತ’ ಅಂದರೆ ಇಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ.

ಕುಶಾಲನಗರದಿಂದ:

ಅರ್ಧ ಸರಿ ಅಣ್ಣ. ಬೆಲೆ ಕಟ್ಟಿದ ಮೇಲೆ ಮರ ನಿಮ್ಮದಾಗುತ್ತೆ. ಸಂಗೀತ ಆಗಲ್ಲ. ಪಕ್ಕದವರ ತೋಟದೊಳಗೆ ದಾರಿ ಬಿಡಿಸಿಕೊಂಡ ಹಾಗೆ ಇದು. ಒಂದು ಸಲ ಮಾತಾಡಿ ದುಡ್ಡು ಕೊಟ್ಟಿರಿ, ಜೀಪು ದಿನಾ ಓಡಿಸಬಹುದು. ಆದರೆ ದಾರಿಯ ಮಣ್ಣು ಅವರದು. ನೀವು ಅದನ್ನು ಮೂರನೆಯವರಿಗೆ ಮಾರೋಕೆ ಆಗಲ್ಲ.

ಸೋಮವಾರಪೇಟೆಯಿಂದ:

ರಾಯಲ್ಟಿ ಅಂತಲೇ ಬಿಡಿ ಮಹರಾಯರೇ. ಕಾಫಿ ತೋಟದಲ್ಲಿ ದಿನಾ ಆಡುವ ಪಲ್ಪರ್, ಪಾರ್ಚ್‌ಮೆಂಟ್, ಲೈನ್‌ಮನೆ, ರೈಟರು, ಇವೆಲ್ಲ ಯಾರ ಪದ? ಪಾರ್ಚ್‌ಮೆಂಟ್ ರೇಟು ಕೇಳುವಾಗ ಯಾರಿಗೂ ಬೇರೆ ಭಾಷೆ ಅನ್ನಿಸಲ್ಲ. ಕಾಫಿ ಅನ್ನೋ ಪದವೇ ಹೊರಗಿನದು. ಸುಮ್ನೆ ಪದ ಹೊಸೆಯೋದು ಹಠ, ಅಷ್ಟೇ.

ವಿರಾಜಪೇಟೆಯಿಂದ:

ಹಠ ಅಲ್ಲ. ಪಲ್ಪರ್ ಒಂದು ಯಂತ್ರ. ಯಂತ್ರದ ಜೊತೆ ಅದರ ಹೆಸರು ಬರಲಿ, ನಾನು ಎಂದೂ ಬೇಡ ಅಂದಿಲ್ಲ. ‘ರಾಯಲ್ಟಿ ಫ್ರೀ’ ಯಂತ್ರ ಅಲ್ಲ, ಕೊಡು ಕೊಳ್ಳುವಿಕೆಯ ಮಾತು. ಅದು ನಮ್ಮ ಭಾಷೆಯಲ್ಲಿ ಇಲ್ಲದಿದ್ದರೆ ನಾವು ಮೋಸ ಹೋಗುತ್ತೇವೆ. ಪದ ಕೇಳಿದ ಮಡಿಕೇರಿಯವರಿಗೇ ಆಗಿದೆ ನೋಡಿ. ‘ಫ್ರೀ’ ಅಂತ ಓದಿದರು, ‘ಉಚಿತ’ ಅಂದುಕೊಂಡರು. ಆ ಉಚಿತದ ಮೂಲ ಅರ್ಥ ‘ತಕ್ಕದ್ದು’. ‘ಇದು ಉಚಿತವಲ್ಲ’ ಅಂದಾಗ ಅದೇ ಅರ್ಥ ಈಗಲೂ ಇದೆ. ಕನ್ನಡದಲ್ಲಿ ಯಾರು ಯಾರಿಗೆ ಎಷ್ಟು ಸಲ ಕೊಡಬೇಕು ಅಂತ ಬಿಡಿಸಿ ಬರೆದಿದ್ದರೆ ಜೇನ್ನೊಣದ ಸದ್ದು ಉಳಿಯುತ್ತಿತ್ತು.

ಕೂಡೋಲಗ ಬೇಡ ಅನ್ನುವವರ ಮೇಲೆ ನನಗೆ ಬೇಸರ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಮಡಿಕೇರಿಯಿಂದ:

ಎಲ್ಲರಿಗೂ ನಮಸ್ಕಾರ. ಮೇಷ್ಟ್ರು ಹೇಳಿದ ಕೊನೆಯ ಮಾತು ನನಗೆ ನಾಟಿತು. ಒಂದೇ ಪದ ಬೇಕು ಅಂತ ಹೊರಟಿದ್ದೇ ತಪ್ಪು ಅನ್ನಿಸಿತು. ಬೋರ್ಡು ಎಂಟಡಿ ಇದೆ, ಒಂದು ವಾಕ್ಯಕ್ಕೆ ಜಾಗ ಆಗುತ್ತೆ. ಹೀಗೆ ಬರೆಸಿದೆ:

‘ನಿಮ್ಮ ವಿಡಿಯೋಗೆ ವಾದ್ಯವೃಂದದ ಹಿನ್ನೆಲೆ ಸಂಗೀತ. ಒಮ್ಮೆ ಕೊಟ್ಟರೆ ಸಾಕು, ಮತ್ತೆ ಮತ್ತೆ ರಾಯಲ್ಟಿ ಇಲ್ಲ. ಹುಡುಕೋದು ಹೇಗೆ, ಬನ್ನಿ ಕಲಿಯೋಣ.’

ರಾಯಲ್ಟಿ ಉಳಿಯಿತು, ವೃಂದವೂ ಉಳಿಯಿತು. ಮೇಷ್ಟ್ರು ಕ್ಷಮಿಸಬೇಕು. ಓಲಗದ ಕಥೆಯನ್ನು ತರಗತಿಯಲ್ಲಿ ಮೊದಲು ಹೇಳುತ್ತೇನೆ, ನೀವೇ ಬಂದು ಹೇಳಿದರೆ ಇನ್ನೂ ಸಂತೋಷ.

ಬೋರ್ಡ್ ಬರೆಯುವವರು ಎರಡನೇ ಸಾಲು ಮುಗಿಸಿ, ಬ್ರಷ್ ಒರೆಸುತ್ತಾ ಗಟ್ಟಿಯಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಮೊದಲನೇ ಸಲ ಎಷ್ಟು ಕೊಡಬೇಕು ಸಾರ್? ನನ್ನ ಮಗಳೂ ವಿಡಿಯೋ ಮಾಡ್ತಾಳೆ.”